ಬುಟ್ಟಿಯ ಕೆಳಗಿನ ಜಾಗ

ಪಂದ್ಯವಿರುವ ದಿನ ನಮ್ಮ ಅತ್ತೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದೆಂದರೆ ಕುದಿಯುವ ಪಾತ್ರೆಯ ಮೇಲೆ ಮುಚ್ಚಳ ಒತ್ತಿ ಹಿಡಿದ ಹಾಗೆ. ಬೆಳಗ್ಗೆ ಎದ್ದವರು ಒಂದು ಕಡೆ ಕೂರುವುದಿಲ್ಲ. ಚಹಾದ ಲೋಟ ಹಿಡಿದುಕೊಂಡು ಅಡುಗೆಮನೆಯಿಂದ ಬಾಲ್ಕನಿಗೆ, ಅಲ್ಲಿಂದ ಬಚ್ಚಲಿನ ಬಾಗಿಲವರೆಗೆ, ಏನೋ ಮರೆತವರಂತೆ ನಿಂತು ಮತ್ತೆ ಅಡುಗೆಮನೆಗೆ. ಚಹಾ ಅರ್ಧ ಹೊಟ್ಟೆಗೆ, ಅರ್ಧ ನೆಲಕ್ಕೆ. ಚೆಲ್ಲಿದ್ದು ಗೊತ್ತಾದ ಕೂಡಲೇ ಮೂಲೆಯಲ್ಲಿ ಬಿದ್ದಿರುವ ಬಟ್ಟೆಯನ್ನು ಕಾಲ್ಬೆರಳಲ್ಲಿ ಎಳೆದುಕೊಂಡು ಒರೆಸಿಬಿಡುತ್ತಾರೆ, ಕಣ್ಣನ್ನು ಕೆಳಗಿಳಿಸುವುದೂ ಇಲ್ಲ. ನಮ್ಮ ಪುಟ್ಟಿ ಈಗಷ್ಟೇ ಗೋಡೆ ಬಿಟ್ಟು ನಡೆಯಲು ಕಲಿತಿದ್ದಾಳೆ. ಒದ್ದೆ ನೆಲ ಕಂಡರೆ ನನಗೆ ಅವಳ ತಲೆ, ಟೇಬಲ್ಲಿನ ಮೂಲೆ, ಆಸ್ಪತ್ರೆಗೆ ಹೋಗುವ ರಸ್ತೆಯ ಟ್ರಾಫಿಕ್ಕು ಎಲ್ಲ ಒಂದೇ ಸಲ ಕಣ್ಣ ಮುಂದೆ ಬರುತ್ತದೆ. ಬೆಳಗಿನ ಹೊತ್ತು ಔಷಧದಂಗಡಿಯ ಕೌಂಟರಿನಲ್ಲಿ ಕೆಲಸ ನನಗೆ. ಜನರಿಗೆ ಏನೇನಾಗಬಹುದು ಎಂದು ಡಬ್ಬಿಯೊಳಗಿನ ಚೀಟಿಗಳನ್ನು ಓದಿ ಓದಿ ನನ್ನ ತಲೆ ಹಾಗೇ ಓಡುತ್ತದೆ. ಅತ್ತೆಗೆ ಒದ್ದೆ ನೆಲ ಕಂಡರೆ ನೆನಪಾಗುವುದು ಪುಟ್ಟಿಯಲ್ಲ, ಆರೂವರೆ ಅಡಿಯ ಗಂಡಸರು.

ಏಕೆಂದರೆ ಅವರ ಕೆಲಸವೇ ಅದು. ನಾನು ಅಂಗಡಿಯಿಂದ ಬಂದು ಪುಟ್ಟಿಯನ್ನು ಕೈಗೆ ತೆಗೆದುಕೊಂಡ ಮೇಲೆ ಅತ್ತೆ ನಗರದ ಒಳಾಂಗಣ ಕ್ರೀಡಾಂಗಣಕ್ಕೆ ಹೋಗುತ್ತಾರೆ. ಸಾಮಾನ್ಯ ದಿನಗಳಲ್ಲಿ ಕಾರಿಡಾರು, ಮೆಟ್ಟಿಲು, ಕೈತೊಳೆಯುವ ತೊಟ್ಟಿಗಳನ್ನು ಶುಚಿ ಮಾಡುವುದು. ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ಪಂದ್ಯ ಇದ್ದರೆ ಮಾತ್ರ ಅಂಕಣದ ಒಂದು ತುದಿಯಲ್ಲಿ, ಬುಟ್ಟಿಯ ಕೆಳಗೆ, ಗೆರೆಯಿಂದ ಒಂದು ಹೆಜ್ಜೆ ಆಚೆ, ಮೊಣಕಾಲೆತ್ತರದ ಸ್ಟೂಲಿನ ಮೇಲೆ ಮಾಪು ಹಿಡಿದು ಕೂರುತ್ತಾರೆ. ಯಾರಾದರೂ ಆಟಗಾರ ಬಿದ್ದರೆ ಅವನ ಮೈಯ ಅಚ್ಚು ಬೆವರಾಗಿ ಮರದ ನೆಲದ ಮೇಲೆ ಉಳಿಯುತ್ತದೆ. ರೆಫರಿ ಕೈ ತೋರಿಸಿದ ಕೂಡಲೇ ಅತ್ತೆ ಓಡಿ ಹೋಗಿ ಅದನ್ನು ಒರೆಸಿ ಓಡಿ ಬರಬೇಕು. ಅಷ್ಟು ಸಾವಿರ ಜನರ ಎದುರು, ಆ ವಯಸ್ಸಿನಲ್ಲಿ, ಆ ನೋವಿನ ಮಂಡಿ ಇಟ್ಟುಕೊಂಡು. ನನಗೆ ಇದು ಮದುವೆಯಾದ ದಿನದಿಂದಲೂ ಹಿಡಿಸದ ಕೆಲಸ. ಆ ಎತ್ತರದ ಮನುಷ್ಯರಲ್ಲಿ ಒಬ್ಬ ಆಯತಪ್ಪಿ ಇವರ ಮೇಲೆ ಬಿದ್ದರೆ?

"ಬಿದ್ರೆ ಬೀಳ್ಲಿ ಬಿಡೇ," ಎನ್ನುತ್ತಾರೆ ಅತ್ತೆ. "ಮನೇಲಿ ಕಪಾಟು ಬಿದ್ದು ಸಾಯೋದಕ್ಕಿಂತ ನಮ್ಮ ಏಣಿ ಬಿದ್ದು ಸಾಯೋದು ವಾಸಿ."

ಏಣಿ ಎಂದರೆ ನಮ್ಮ ತಂಡದ ಎಲ್ಲರಿಗಿಂತ ಉದ್ದದವನು. ಅತ್ತೆ ಯಾರನ್ನೂ ಅವರವರ ಹೆಸರಿನಿಂದ ಕರೆಯುವುದಿಲ್ಲ. ಕುಳ್ಳಗಿದ್ದು ಚೆಂಡನ್ನು ಕಾಲ ಸಂದಿಯಲ್ಲೆಲ್ಲ ಆಡಿಸುತ್ತ ತಿರುಗುವವನು ಬುಗುರಿ. ನಾಯಕನಿಗೆ ನಲ್ಲಿ ಎಂದು ಹೆಸರು, ಅವನಷ್ಟು ಬೆವರುವವನು ಲೀಗಿನಲ್ಲೇ ಇಲ್ಲವಂತೆ. "ಅವನು ಅಂಕಣಕ್ಕಿಳಿದ್ರೆ ಸಾಕು, ಯಾರೋ ನಲ್ಲಿ ತಿರುಗಿಸಿಟ್ಟು ಊರಿಗೆ ಹೋದ ಹಾಗೆ" ಎಂದು ಹೇಳುವಾಗ ಅವರ ಮುಖದಲ್ಲಿ ಕಾಣುವ ಅಕ್ಕರೆ ನನ್ನ ಗಂಡನ ವಿಷಯದಲ್ಲಿ ಕೂಡ ನಾನು ಕಂಡಿಲ್ಲ.

ಈ ಸೀಸನ್ನಿನ ಕಥೆಯನ್ನು ಟಿವಿಯವರು ಅಂಕಿ ಹಿಡಿದು ಹೇಳುತ್ತಾರೆ. ಅತ್ತೆ ಅದನ್ನು ಮಾಪಿನ ಒದ್ದೆಯಲ್ಲಿ ಅಳೆಯುತ್ತಾರೆ.

"ಮೊದಲ ತಿಂಗಳು ನನ್ನ ಮಾಪು ಒಣಹುಲ್ಲಿನ ಹಾಗಿತ್ತು ಕಣೋ," ಎಂದು ಮಗನಿಗೆ ಹೇಳುತ್ತಿದ್ದರು ಒಂದು ಬೆಳಗ್ಗೆ. "ಬೆವರಿದ್ರೆ ತಾನೇ ಒರ್ಸೋದು? ಎಲ್ಲರೂ ಬೀಗರ ಮನೆಗೆ ಬಂದೋರ ಹಾಗೆ ಮೆಲ್ಲಗೆ ಓಡಾಡ್ತಿದ್ರು. ಸೋಲ್ದೆ ಇನ್ನೇನಾಗ್ತಾರೆ?"

"ಅಮ್ಮಾ, ಆ ತಿಂಗಳು ಹಾಲ್‌ನಲ್ಲಿ ಏಸಿ ಜಾಸ್ತಿ ಇಟ್ಟಿದ್ರು. ನೀನೇ ಸ್ವೆಟರ್ ಹಾಕ್ಕೊಂಡು ಹೋಗ್ತಿದ್ದೆ."

"ಏಸಿ ಅಂತೆ ಏಸಿ! ಎದುರು ತಂಡದೋರಿಗೂ ಅದೇ ಏಸಿ ಅಲ್ವೇನೋ? ಅವರು ನೆಲ ಎಲ್ಲಾ ತೊಯ್ಸಿಟ್ಟು ಹೋಗ್ತಿದ್ರು."

ಗಂಡ ನನ್ನತ್ತ ನೋಡಿ ಹುಬ್ಬೇರಿಸಿದ. ತಾಯಿಯ ಜೊತೆ ಈ ವಿಷಯದಲ್ಲಿ ವಾದ ಮಾಡಿ ಗೆದ್ದವರಿಲ್ಲ, ಗೆದ್ದರೂ ಅವರು ಒಪ್ಪಿದ್ದಿಲ್ಲ.

ಆಮೇಲೆ ಹಳೆಯ ಕೋಚನ್ನು ಕಳಿಸಿ ಹೊಸಬನನ್ನು ತಂದರು. ಹೊಸಬ ಬಂದವನೇ ಬುಗುರಿಗೆ ಆಡುವ ಹೊತ್ತು ಹೆಚ್ಚಿಸಿದ. ಕಾಲು ನೋವೆಂದು ಕೂತಿದ್ದ ನಲ್ಲಿಯೂ ಮರಳಿದ. ತಂಡ ಸಾಲಾಗಿ ಗೆಲ್ಲತೊಡಗಿತು. ಆ ದಿನಗಳಲ್ಲಿ ಅತ್ತೆ ಮನೆಗೆ ಬರುವಾಗ ಹೊಸ ಚಪ್ಪಲಿ ಹಾಕಿಕೊಂಡ ಹುಡುಗಿಯಂತೆ ಮೆಟ್ಟಿಲು ಹತ್ತುತ್ತಿದ್ದರು. ಅದಾದ ಮೇಲೆ ಏಣಿಯ ಕೈಗೆ ಏನೋ ಆಯಿತು, ಚೆಂಡು ಬುಟ್ಟಿಯ ಅಂಚಿಗೆ ತಾಗಿ ತಾಗಿ ಹೊರಗೆ ಬೀಳಲು ಶುರುವಾಯಿತು. ಗೆದ್ದೆವು ಅನ್ನುವಾಗ ಸೋತೆವು, ಸೋತೆವು ಎಂದು ಎದ್ದು ಹೊರಟರೆ ಗೆದ್ದೆವು. ಪಟ್ಟಿಯಲ್ಲಿ ಮೇಲಿನ ಎಂಟು ತಂಡ ಮಾತ್ರ ಮುಂದಿನ ಸುತ್ತಿಗೆ ಹೋಗುವುದು. ನಮ್ಮದು ಎಂಟನೆಯದು. ಹಿಂದೆಯೇ, ಹಿಮ್ಮಡಿ ತುಳಿಯುವಷ್ಟು ಹತ್ತಿರ, ಗಡ್ಡದವನ ತಂಡ.

ಆ ತಂಡದ ಮುಖ್ಯ ಆಟಗಾರ, ಈ ಗಡ್ಡದವನ ವಿಷಯ ಹೇಳಲೇಬೇಕು. ಅತ್ತೆಗೆ ಕಷ್ಟ ಬಂದದ್ದು ಅವನಿಂದಲೇ. ಅಲ್ಲ, ಅತ್ತೆಯ ಕೈಯಿಂದಲೇ.

ಸೀಸನ್ನಿನ ನಡುವೆ ಅವರ ತಂಡ ಇಲ್ಲಿಗೆ ಬಂದಿತ್ತು. ನಾನೂ ಗಂಡನೂ ಟಿವಿಯಲ್ಲಿ ನೋಡುತ್ತಿದ್ದೆವು. ಯಾರೋ ತಳ್ಳಿ ತಪ್ಪು ಮಾಡಿದರೆಂದು ಗಡ್ಡದವನಿಗೆ ಫ್ರೀ ಥ್ರೋ ಸಿಕ್ಕಿತು. ಅಂದರೆ ಯಾರೂ ಅಡ್ಡ ಬರುವಂತಿಲ್ಲ, ಗೆರೆಯ ಮೇಲೆ ನಿಂತು ನೆಮ್ಮದಿಯಾಗಿ ಎಸೆಯಬಹುದು. ನೆಮ್ಮದಿ ಕೊಡಬಾರದೆಂದೇ ಬುಟ್ಟಿಯ ಹಿಂದಿನ ಸಾಲುಗಳಲ್ಲಿ ಕೂತ ಜನ ಎದ್ದು ಟವೆಲು, ಬಾವುಟ, ತಮ್ಮ ತಮ್ಮ ಕೋಟು ಎಲ್ಲ ಬೀಸುತ್ತಾರೆ. ಕ್ಯಾಮೆರಾ ಅವನ ಬೆನ್ನ ಹಿಂದಿನಿಂದ ಬುಟ್ಟಿಯನ್ನು ತೋರಿಸಿತು. ಬುಟ್ಟಿಯ ನೇರ ಕೆಳಗೆ, ಸ್ಟೂಲಿನ ಮೇಲೆ, ನಮ್ಮ ಅತ್ತೆ. ಕೈಯಲ್ಲಿ ಮಾಪು. ಮಾಪಿನ ತಲೆ ಮೇಲೆ. ಅದು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ, ಹಸುವಿನ ಬಾಲದ ಹಾಗೆ ಆಡುತ್ತಿತ್ತು.

"ಅಯ್ಯೋ, ಅಮ್ಮ!" ಎಂದ ಗಂಡ.

ಗಡ್ಡದವನ ಎರಡು ಎಸೆತವೂ ಹೊರಗೆ ಬಿದ್ದವು.

ಅಂದು ಅತ್ತೆಯನ್ನು ಸ್ಕೂಟರಿನಲ್ಲಿ ಮನೆಗೆ ತಂದುಬಿಟ್ಟವರು ಅವರ ಸೂಪರ್‌ವೈಸರ್. ಹೊಟ್ಟೆಯುರಿಗೆ ನಮ್ಮ ಅಂಗಡಿಯಲ್ಲೇ ಮಾತ್ರೆ ಕೊಳ್ಳುವ ಸಾಧು ಮನುಷ್ಯ. ಹೆಲ್ಮೆಟ್ ಕೂಡ ತೆಗೆಯದೆ ಬಾಗಿಲಲ್ಲೇ ನಿಂತು ಹೇಳಿದರು.

"ನೋಡೀಮ್ಮ, ಮಗ ಸೊಸೆ ಎದುರಿಗೇ ಹೇಳ್ತೀನಿ. ಅವರ ಕೋಚು ದೊಡ್ಡ ಗಲಾಟೆ ಮಾಡಿದ್ದಾನೆ. ಅಂಕಣದ ಕೆಲಸದೋರು ಯಾರ ಕಡೆಗೂ ಇರೋ ಹಾಗಿಲ್ಲ. ಚಪ್ಪಾಳೆ ತಟ್ಟೋ ಹಾಗಿಲ್ಲ, ನಗೋ ಹಾಗಿಲ್ಲ. ನೀವು ಮಾಪ್ ಬೀಸಿದ್ದೀರ!"

"ನೊಣ ಓಡಿಸ್ತಿದ್ದೆ," ಎಂದರು ಅತ್ತೆ.

"ಏಸಿ ಹಾಲಲ್ಲಿ ನೊಣ ಎಲ್ಲಿಂದ ಬಂತಮ್ಮ?"

"ಅವರ ಜೊತೆಗೇ ಬಂದಿತ್ತು."

ಗಂಡ ಒಳಕೋಣೆಗೆ ಓಡಿದ, ನಗು ತಡೆಯಲಾರದೆ. ಸೂಪರ್‌ವೈಸರ್ ನಗಲಿಲ್ಲ. ಇನ್ನೊಂದು ಸಲ ಏನಾದರೂ ಆದರೆ ಪಂದ್ಯದ ದಿನವೂ ಮೇಲಿನ ಕಾರಿಡಾರಿಗೇ ಹಾಕಬೇಕಾಗುತ್ತದೆ, ತನ್ನ ಕೈಯಲ್ಲಿ ಏನೂ ಇಲ್ಲ ಎಂದರು. ಅತ್ತೆಯ ಮುಖ ಆಗ ಬಿತ್ತು ನೋಡಿ.

ಕಾರಿಡಾರು ಎಂದರೆ ಅವರಿಗೆ ಏನೆಂದು ನಮಗೆ ಗೊತ್ತು. ಕೆಲಸಕ್ಕೆ ಸೇರಿದ ಮೊದಲ ಸೀಸನ್ ಇಡೀ ಅವರು ಅಲ್ಲೇ ಇದ್ದವರು. ಗೋಡೆಯ ಆಚೆ ಪಂದ್ಯ, ಈಚೆ ಇವರು ಬಕೆಟ್ಟು ಹಿಡಿದು. ಕೂಗು ಕೇಳಿ ಆಟ ತಿಳಿದುಕೊಳ್ಳುವುದು. "ದೂರದಿಂದ ಎಸೆದು ಬಿದ್ರೆ ಕೂಗು ಒಮ್ಮೆಗೇ ಒಡೆಯುತ್ತೆ, ಹಾರಿ ಬುಟ್ಟಿಗೆ ತುರುಕಿದ್ರೆ ಮೊದ್ಲು ಉಸಿರು ಎಳ್ಕೊಂಡು ಆಮೇಲೆ ಕೂಗ್ತಾರೆ" ಎಂದು ನನಗೆ ಎಷ್ಟೋ ಸಲ ಹೇಳಿದ್ದಾರೆ. ಎಷ್ಟೋ ಸಲ ತಪ್ಪು ತಿಳಿದು ಎದುರಾಳಿಯ ಅಂಕಕ್ಕೆ ತಾವೊಬ್ಬರೇ ಅಲ್ಲಿ ಕುಣಿದದ್ದೂ ಉಂಟಂತೆ. ಮಾವನವರು ತೀರಿಕೊಂಡ ಮೇಲೆ ಮನೆಯಲ್ಲಿ ಕೂರಲಾರದೆ ಹಿಡಿದ ಕೆಲಸ ಅದು. ಮುಂದಿನ ವರ್ಷ ಬುಟ್ಟಿಯ ಕೆಳಗಿನ ಜಾಗ ಖಾಲಿಯಾದಾಗ, ಆಟಗಾರರು ಮೈಮೇಲೆ ಬೀಳುತ್ತಾರೆಂದು ಯಾರೂ ಒಪ್ಪದ ಆ ಸ್ಟೂಲನ್ನು ಇವರು ಕೇಳಿ ಪಡೆದರು.

ನಿಜ ಹೇಳಬೇಕೆಂದರೆ, ಹೋದರೆ ಹೋಗಲಿ ಆ ಸ್ಟೂಲು ಎಂದು ನನ್ನ ಮನಸ್ಸಿನ ಒಂದು ಮೂಲೆ ಹೇಳುತ್ತಿತ್ತು. ಕಾರಿಡಾರಿನಲ್ಲಿ ಯಾರೂ ಯಾರ ಮೇಲೂ ಬೀಳುವುದಿಲ್ಲ. ಆದರೆ ಆ ಮುಖ ನೋಡಿದ ಮೇಲೆ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಮಾರನೆಯ ದಿನದಿಂದ ಮನೆಯಲ್ಲಿ ಅಭ್ಯಾಸ ಶುರುವಾಯಿತು. ತಂಡ ಬೇರೆ ಊರಿನಲ್ಲಿ ಆಡುವಾಗ ಟಿವಿಯ ಮುಂದೆ ಸ್ಟೂಲು ಹಾಕಿಕೊಂಡು, ಎರಡು ಕೈಯನ್ನೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಅತ್ತೆ ಕೂರುತ್ತಿದ್ದರು. ಅಲುಗಾಡಬಾರದು, ಸದ್ದು ಮಾಡಬಾರದು. ನಾನು ಕಾವಲು. ಪುಟ್ಟಿಯೂ ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕೂತು ಕೈಗಳನ್ನು ತೊಡೆಯಡಿ ತುರುಕಲು ಹೋಗಿ ಮಗುಚಿ ಬೀಳುತ್ತಿದ್ದಳು. ಕೈ ಕೆಳಗಿದ್ದರೆ ಮಗು ಬೀಳುವಾಗ ಊರಲಾಗುವುದಿಲ್ಲ, ಮುಖಕ್ಕೇ ಪೆಟ್ಟು. ನಾನು ಸುತ್ತ ದಿಂಬು ಜೋಡಿಸುತ್ತಿದ್ದೆ.

"ಅಮ್ಮಾ, ನಿನ್ನ ಕಿವಿ ಅಲ್ಲಾಡ್ತಿದೆ," ಎಂದು ಗಂಡ ಸೋಫಾದಿಂದ ಹೇಳುತ್ತಿದ್ದ.

"ಕಿವಿಗೆ ನಿಯಮ ಇಲ್ಲ."

"ಕಣ್ಣಲ್ಲೇ ಚಪ್ಪಾಳೆ ಹೊಡೀತಿದ್ದೀಯ."

"ಲೋ, ಬಾಯ್ಮುಚ್ಕೊಂಡು ನೋಡೋ. ಇವನೊಬ್ಬ ಬಂದ ರೆಫರಿ!"

ಮೊದಮೊದಲು ಕಾಲು ಗಂಟೆಯೂ ಆಗುತ್ತಿರಲಿಲ್ಲ. ಬುಗುರಿ ಚೆಂಡು ಕಳೆದುಕೊಂಡರೆ ಸ್ಟೂಲು ಹಿಂದಕ್ಕೆ ಹೋಗುತ್ತಿತ್ತು, ಇವರು ಮುಂದಕ್ಕೆ. ಬರಬರುತ್ತ ಪಳಗಿದರು. ಆದರೆ ಒಳಗೆ ಒತ್ತಿ ಇಟ್ಟದ್ದು ಎಲ್ಲಾದರೂ ಹೊರಗೆ ಬರಬೇಕಲ್ಲ? ಪಂದ್ಯ ಮುಗಿದ ಮೇಲೆ ಪಾತ್ರೆಗಳನ್ನು ಅವರು ಉಜ್ಜುವ ರಭಸ ನೋಡಿದರೆ ನನಗೆ ರಕ್ತದೊತ್ತಡ ನೋಡುವ ಯಂತ್ರ ಮನೆಗೆ ತರಬೇಕೆನ್ನಿಸುತ್ತಿತ್ತು. ತಂದೂ ತಂದೆ. ಅವರು ತೋಳು ಕೊಡಲಿಲ್ಲ.

ಗಡ್ಡದವನ ತಂಡ ಮತ್ತೆ ಬಂದದ್ದು ಒಂದು ಭಾನುವಾರದ ಮಧ್ಯಾಹ್ನ. ಗೆದ್ದವರು ಎಂಟನೆಯ ಜಾಗದಲ್ಲಿ, ಸೋತವರು ಅದರ ಕೆಳಗೆ. ಕೆಲಸದವರ ಮನೆಯವರಿಗೆಂದು ಕೊಡುವ ಪಾಸಿನಲ್ಲಿ ನಾವು ಮೂವರೂ ಹೋದೆವು. ಪುಟ್ಟಿಯ ಕಿವಿಗೆ ಹತ್ತಿ, ಅದರ ಮೇಲೆ ಟೋಪಿ, ಬ್ಯಾಗಿನಲ್ಲಿ ನೀರು, ಬಿಸ್ಕತ್ತು, ಜ್ವರದ ಔಷಧ, ಬ್ಯಾಂಡೇಜು. "ಯುದ್ಧಕ್ಕೆ ಹೋಗ್ತಿದ್ದೀವಾ?" ಎಂದ ಗಂಡ. ಅತ್ತೆ ಕೂರುವ ತುದಿಯಲ್ಲೇ, ಬುಟ್ಟಿಯ ಹಿಂದೆ ನಮ್ಮ ಸಾಲು. ನನಗೆ ಕಾಣುತ್ತಿದ್ದದ್ದು ಅವರ ಬೆನ್ನು, ಕಂದು ಬಣ್ಣದ ಕೆಲಸದ ಅಂಗಿ, ಹಿಂದಕ್ಕೆ ಕಟ್ಟಿದ ಕೂದಲು, ಮತ್ತು ಸ್ಟೂಲಿನ ಕೆಳಗೆ ಜೋಡಿಸಿಟ್ಟ ಎರಡು ಹಿಮ್ಮಡಿ. ಮಾಪನ್ನು ನೆಲದ ಮೇಲೆ ಅಡ್ಡಲಾಗಿ ಮಲಗಿಸಿದ್ದರು. ಕೈ ತೊಡೆಯ ಕೆಳಗೆ.

ಎಲ್ಲರೂ ಚೆಂಡು ನೋಡಿದರು, ನಾನು ಆ ಬೆನ್ನು ನೋಡಿದೆ. ರೆಫರಿ ಕೈ ತೋರಿಸಿದಾಗೆಲ್ಲ ಅದು ಚಿಮ್ಮಿ ಏಳುತ್ತಿತ್ತು. ಬಾಗಿ ಓಡಿ, ಎರಡು ಸಲ ಎಳೆದು, ಬಾಗಿಕೊಂಡೇ ವಾಪಸು. ಒಮ್ಮೆ ಏಣಿ ಚೆಂಡಿನ ಹಿಂದೆ ಹಾರಿ ಗೆರೆ ದಾಟಿ ಇವರ ಕಡೆಗೇ ಬಂದ. ನಾನು ಎದ್ದು ನಿಂತೆ. ಅತ್ತೆ ಸ್ಟೂಲು ಸಮೇತ ಒಂದಿಷ್ಟು ವಾಲಿದರು, ಅವನು ಪಕ್ಕದಲ್ಲಿ ಹಾದು ಜಾಹೀರಾತಿನ ಹಲಗೆಗೆ ಗುದ್ದಿಕೊಂಡ. ಅವರು ತಿರುಗಿ ಕೂಡ ನೋಡದೆ ಅವನ ಬೆವರು ಬಿದ್ದ ಜಾಗ ಒರೆಸಿದರು.

ಕೊನೆಯ ಕ್ಷಣಗಳು. ನಾವು ಒಂದು ಅಂಕ ಮುಂದೆ. ಚೆಂಡು ಅವರ ಕೈಯಲ್ಲಿ. ಗಡ್ಡದವನು ಬುಟ್ಟಿಯತ್ತ ನುಗ್ಗಿದ, ಬುಗುರಿ ತಡೆಯಲು ಹೋಗಿ ಕೈ ಹಿಡಿದುಬಿಟ್ಟ, ಇಬ್ಬರೂ ಬಿದ್ದರು. ಸೀಟಿ. ಎರಡು ಫ್ರೀ ಥ್ರೋ.

ಬಿದ್ದ ಜಾಗ ಎಸೆಯುವ ಗೆರೆಯ ಹತ್ತಿರವೇ. ರೆಫರಿ ಕೈ ತೋರಿಸಿದ. ಅತ್ತೆ ಓಡಿದರು. ಒರೆಸಿದರು. ಗಡ್ಡದವನು ಬೂಟಿನ ತುದಿಯಿಂದ ಇನ್ನೊಂದು ಜಾಗ ತೋರಿಸಿದ. ಇಡೀ ಹಾಲ್ ಅವನನ್ನು ಬೈಯುತ್ತಿತ್ತು, ಅತ್ತೆ ಬಗ್ಗಿ ಅವನ ಬೂಟಿನ ಮುಂದೆ ಒರೆಸಿದರು. ಅವನೇನೋ ಹೇಳಿದ. ಅವರು ತಲೆಯಾಡಿಸಿ ವಾಪಸು ಬಂದರು. ಮಾಪನ್ನು ನೆಲದ ಮೇಲೆ ಮಲಗಿಸಿದರು. ಕೈಗಳನ್ನು ತೊಡೆಯಡಿ ಸಿಕ್ಕಿಸಿದರು.

ನಮ್ಮ ಸಾಲಿನವರೆಲ್ಲ ಎದ್ದರು. ಟವೆಲು, ಬಾವುಟ, ಕೂಗು. ನನಗೆ ಜನರ ತೋಳುಗಳ ಸಂದಿಯಲ್ಲಿ ಅತ್ತೆಯ ಹಿಮ್ಮಡಿಗಳು ಮಾತ್ರ ಕಂಡವು. ಎರಡೂ ನೆಲ ಬಿಟ್ಟು ಮೇಲೆದ್ದು ನಡುಗುತ್ತಿದ್ದವು. ಬೆನ್ನು ಅಲುಗಲಿಲ್ಲ.

ಮೊದಲನೆಯದು ಬುಟ್ಟಿಗೆ ಬಿತ್ತು. ಎರಡನೆಯದೂ ಬಿತ್ತು. ನಮಗೆ ಚೆಂಡು ಸಿಗುವಷ್ಟರಲ್ಲಿ ಗಂಟೆ ಬಡಿಯಿತು, ಒಂದು ಅಂಕದಲ್ಲಿ ಸೋತೆವು.

ಹೊರಗೆ ಗೇಟಿನ ಬಳಿ ಸೂಪರ್‌ವೈಸರ್ ತಾವಾಗಿಯೇ ಬಂದು, "ಇವತ್ತು ಬಂಡೆಗಲ್ಲಿನ ಹಾಗೆ ಕೂತಿದ್ರಿ ಅಮ್ಮ. ಎಲ್ಲರೂ ನೋಡಿದ್ದಾರೆ. ಆ ಜಾಗ ನಿಮ್ದೇ ಬಿಡಿ, ಯಾರೂ ಕೇಳಲ್ಲ" ಎಂದರು. ಅತ್ತೆ ಬಸ್ ಸ್ಟಾಪಿನತ್ತ ನಡೆದುಬಿಟ್ಟರು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಬಂದರು.

ಮನೆಗೆ ಬಂದ ಮೇಲೂ ಕೂರಲಿಲ್ಲ. ಅಡುಗೆಮನೆ, ಬಾಲ್ಕನಿ, ಬಚ್ಚಲಿನ ಬಾಗಿಲು. ಪುಟ್ಟಿ ಅವರ ಹಿಂದೆ ಹಿಂದೆ.

"ಅವನು ಏನಂದ ಅತ್ತೆ, ಬಗ್ಗಿದಾಗ?" ಎಂದು ಕೇಳಿದೆ, ಏನಾದರೂ ಮಾತಾಡಲಿ ಎಂದು.

"ಥ್ಯಾಂಕ್ಸ್ ಆಂಟಿ, ಅಂದ."

ಗಂಡನಿಗೆ ನಗು ಬಂದದ್ದು ಕಂಡಿತು, ನಾನು ಕಣ್ಣಲ್ಲೇ ಗದರಿದೆ.

"ನೀವು ಒರೆಸದೇ ಇದ್ದಿದ್ರೆ ಅವನು ಜಾರಿ ಕಾಲು ಮುರ್ಕೋತಿದ್ದ ಅತ್ತೆ. ಪಾಪ ಅಲ್ವಾ?"

"ಒರ್ಸಿದ್ದಕ್ಕೆ ಯಾರೇ ಬೇಜಾರು ಮಾಡ್ಕೊಂಡ್ರು? ಅದು ಕೆಲ್ಸ. ನೆಲ ಎಲ್ಲರಿಗೂ ಒಂದೇ." ಬಾಲ್ಕನಿಯ ಬಾಗಿಲಲ್ಲಿ ನಿಂತರು. "ಆಮೇಲೆ ಸುಮ್ನೆ ಕೂತೆ ನೋಡು. ಅಷ್ಟು ಜನ ಎದ್ದು ಗಂಟ್ಲು ಹರ್ಕೊಳ್ತಿದ್ದಾರೆ, ನಮ್ಮ ಹುಡುಗ್ರು ಮುಖ ಒಣಗಿಸ್ಕೊಂಡು ನಿಂತಿದ್ದಾರೆ, ನಾನು ಯಾರದೋ ಮನೆ ಸಾವಿಗೆ ಬಂದೋಳ ಹಾಗೆ ಕೂತಿದ್ದೆ. ನನ್ನ ಕೈಲಿ ಇನ್ನೊಂದು ಸಲ ಆಗಲ್ಲಮ್ಮ. ಆ ಸ್ಟೂಲು ಬೇಡ ನನಗೆ. ಮುಂದಿನ ಪಂದ್ಯಕ್ಕೆ ಮೇಲೆ ಕೂತು ಕೂಗ್ತೀನಿ."

ನಾನು ಬಯಸಿದ್ದೂ ಅದೇ ಅಲ್ಲವೇ? ಸಂತೋಷವಾಗಬೇಕಿತ್ತು. ಆಗಲಿಲ್ಲ. ಪುಟ್ಟಿಗೆ ಹಾಲು ಕಾಯಿಸುತ್ತ, ಕೂಗಿ ಕೂಗಿ ಇವರಿಗೆ ಎದೆನೋವು ಬಂದರೆ ಎಂದು ಹೊಸ ಚಿಂತೆ ಶುರುಮಾಡಿಕೊಂಡೆ.

ಮುಂದಿನ ಪಂದ್ಯಕ್ಕೆ ಅತ್ತೆ ನಮ್ಮ ಜೊತೆ ಮೇಲೆ ಕೂತರು. ಕೆಳಗೆ ಸ್ಟೂಲಿನ ಮೇಲೆ ದಪ್ಪ ಮೀಸೆಯ ಒಬ್ಬ ಗಂಡಸು, ಪಾರ್ಕಿಂಗಿನಲ್ಲಿ ಕೆಲಸ ಮಾಡುವವನಂತೆ. ಅತ್ತೆ ಕೂಗಿದರು. ನಾನು ಅವರ ಬಾಯಲ್ಲಿ ಅಂಥ ದನಿ ಕೇಳಿದ್ದೇ ಇಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿದರು. "ಓಡೋ ನಲ್ಲಿ! ಏಣಿ, ಕೈ ಎತ್ತೋ, ಬಾಡಿಗೆಗೆ ತಂದಿದ್ದೀಯಾ ಕೈನಾ?" ಎಷ್ಟು ತಿಂಗಳ ಕೂಗೋ ಅದು, ತೊಟ್ಟಿ ಒಡೆದ ಹಾಗೆ. ನಮ್ಮವರು ಚೆನ್ನಾಗಿಯೇ ಆಡುತ್ತಿದ್ದರು, ಮೊದಲಿನಿಂದಲೂ ಮುಂದಿದ್ದರು.

ಆದರೆ ಸ್ವಲ್ಪ ಹೊತ್ತಿಗೆ ಅತ್ತೆಯ ಕಣ್ಣು ಚೆಂಡು ಬಿಟ್ಟು ನೆಲಕ್ಕೆ ಇಳಿಯತೊಡಗಿತು.

"ಅವರ ಬೂಟಿನ ಸದ್ದೇ ಕೇಳಲ್ವಲ್ಲೇ ಇಲ್ಲಿ," ಎಂದರು. "ಮುಖವೂ ಕಾಣಲ್ಲ. ಮನೇಲಿ ಟಿವಿ ನೋಡಿದ ಹಾಗಿದೆ." ಮತ್ತೆ ಸ್ವಲ್ಪ ಹೊತ್ತಿಗೆ, "ಆ ಮೀಸೆ ನೋಡು, ಹೇಗೆ ಕೂತಿದ್ದಾನೆ. ಫೋಟೋ ತೆಗೆಸಿಕೊಳ್ಳೋಕೆ ಬಂದೋನ ಹಾಗೆ."

ಏಣಿ ಬುಟ್ಟಿಯ ಕೆಳಗೆ ಬಿದ್ದೆದ್ದ. ರೆಫರಿ ಕೈ ತೋರಿಸಿದ. ಮೀಸೆಯವನು ಗತ್ತಿನಿಂದ ನಡೆದು ಹೋಗಿ ಒಂದು ಸಲ ಎಳೆದು ಬಂದ. ಅತ್ತೆ ಎದ್ದು ನಿಂತರು.

"ಎಡಗಡೆ ಉಳೀತು! ಎಡಗಡೆ! ಲೋ ಮೀಸೆ, ಎಡಗಡೆ ನೋಡೋ!"

ಅವನಿಗೆಲ್ಲಿ ಕೇಳಬೇಕು? ಆಟ ಶುರುವಾಯಿತು. ನಲ್ಲಿ ಚೆಂಡು ಹಿಡಿದು ಬುಟ್ಟಿಯತ್ತ ಬಂದ, ಎಡಗಾಲು ಜಾರಿತು, ಇಡೀ ಮೈ ನೆಲಕ್ಕಪ್ಪಳಿಸಿತು. ಅತ್ತೆ ನನ್ನ ಭುಜವನ್ನು ಹಿಡಿದ ಹಿಡಿತದ ಗುರುತು ಮಾರನೆಯ ದಿನವೂ ಇತ್ತು. ಅವನು ಮಂಡಿ ಹಿಡಿದು ಕೂತ, ಆಮೇಲೆ ಎದ್ದ, ಕುಂಟುತ್ತ ಎರಡು ಹೆಜ್ಜೆ ಹಾಕಿ ಕೈ ಎತ್ತಿ ಏನೂ ಆಗಿಲ್ಲ ಎಂದು ತೋರಿಸಿದ. ಜನ ಚಪ್ಪಾಳೆ ತಟ್ಟಿದರು. ಅತ್ತೆ ತಟ್ಟಲಿಲ್ಲ. ಉಳಿದ ಪಂದ್ಯ ಪೂರ್ತಿ ಅವರು ಆಟಗಾರರನ್ನು ಕೂಗಲೇ ಇಲ್ಲ. ಮೀಸೆಯವನೊಬ್ಬನನ್ನೇ ಕೂಗಿದರು. ಗಂಟಲು ಪೂರ್ತಿ ಹೋಗುವವರೆಗೆ.

ನಾವು ಗೆದ್ದೆವು. ಗಡ್ಡದವನ ತಂಡ ಬೇರೆಲ್ಲೋ ಸೋತಿತು. ಎರಡು ತಂಡಗಳೂ ಸಮ ಸಮ, ಒಟ್ಟು ಅಂಕದ ಲೆಕ್ಕದಲ್ಲಿ ಮಾತ್ರ ನಾವು ಒಂದು ಕೂದಲು ಮುಂದೆ. ಉಳಿದದ್ದು ಒಂದೇ ಪಂದ್ಯ, ಅದೂ ನಮ್ಮ ಊರಿನಲ್ಲೇ, ಗೆದ್ದರೆ ಎಂಟರಲ್ಲಿ, ಇಲ್ಲದಿದ್ದರೆ ಸೀಸನ್ ಮುಗಿಯಿತು.

ಮಾರನೆಯ ಬೆಳಗ್ಗೆ ನಾನು ಅಂಗಡಿಗೆ ಹೊರಡುವಾಗ ಅತ್ತೆ ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಚಪ್ಪಲಿ ಹಾಕಿಕೊಂಡರು. ದನಿ ಇಲ್ಲ, ಬರೀ ಗಾಳಿ. ನನ್ನ ತೋಳು ಹಿಡಿದು ಕ್ರೀಡಾಂಗಣದ ದಿಕ್ಕಿಗೆ ಎಳೆದರು. ಏಕೆಂದು ಗೊತ್ತಾಯಿತು. ಅವರ ಬದಲು ಯಾರಾದರೂ ಮಾತಾಡಬೇಕಿತ್ತು.

ಸೂಪರ್‌ವೈಸರ್ ಉಗ್ರಾಣದಲ್ಲಿ ಬಕೆಟ್ಟುಗಳನ್ನು ಎಣಿಸುತ್ತಿದ್ದರು.

"ಅತ್ತೆಗೆ ಸ್ಟೂಲು ವಾಪಸು ಬೇಕಂತೆ," ಎಂದೆ.

"ಬೇಡ ಅಂದೋರು ಅವರೇ ಅಲ್ವೇನಮ್ಮ? ಆ ಪಾರ್ಕಿಂಗಿನವನಿಗೆ ಹೇಳಿಬಿಟ್ಟಿದ್ದೀನಲ್ಲ."

ಅತ್ತೆ ನನ್ನ ಕಿವಿಗೆ ಏನೋ ಊದಿದರು. ಅದನ್ನು ಹಾಗೇ ಹೇಳುವಂತಿರಲಿಲ್ಲ. ಮೀಸೆಗೆ ಸಂಬಂಧಪಟ್ಟದ್ದು.

"ಆ ಮೀಸೆಯವರಿಗೆ ಅಭ್ಯಾಸ ಇಲ್ಲ ಅಂತಿದ್ದಾರೆ," ಎಂದೆ. ಆಮೇಲೆ ನನ್ನ ಬಾಯಿಂದ ಮಾತು ತಾನಾಗಿಯೇ ಹೊರಟಿತು. "ಸಾರ್, ನಿನ್ನೆ ನಾಯಕನಿಗೆ ಏನಾದ್ರೂ ಆಗಿದ್ರೆ? ಮಂಡಿಯ ಚಿಪ್ಪು ಒಡೆದ್ರೆ ಎಷ್ಟು ತಿಂಗಳು ಅಂತ ಗೊತ್ತಾ ನಿಮಗೆ? ನಮ್ಮ ಅಂಗಡಿಗೆ ಬರ್ತಾರೆ ಅಂಥೋರು, ನೋಡೋಕಾಗಲ್ಲ. ಅತ್ತೆ ಇದ್ದಾಗ ಒಬ್ರಾದ್ರೂ ಜಾರಿದ್ದಾರಾ? ನಮ್ಮೋರೂ ಇಲ್ಲ, ಬೇರೆಯೋರೂ ಇಲ್ಲ. ಅಲ್ಲಾಡದೆ ಕೂರ್ತಾರೆ, ನಾನು ಹೊಣೆ."

ಹೇಳಿ ಮುಗಿಸಿದ ಮೇಲೆ ನನಗೇ ಗಾಬರಿಯಾಯಿತು. ಬೇಡ ಬೇಡ ಎಂದು ವರ್ಷಗಟ್ಟಲೆ ಒಳಗೊಳಗೇ ಹಲುಬಿದ ಆ ಸ್ಟೂಲನ್ನು ನಾನೇ ಕೈಮುಗಿದು ಕೇಳುತ್ತಿದ್ದೆ.

ಸೂಪರ್‌ವೈಸರ್ ಅತ್ತೆಯನ್ನು ನೋಡಿದರು. "ಗಂಟ್ಲು ಹೀಗೇ ಇರುತ್ತೆ ಅಂದ್ರೆ ನನಗೇನೂ ಅಡ್ಡಿಯಿಲ್ಲ. ಅವನೂ ಬೆಳಗ್ಗೆ ಬಂದು, ಅಲ್ಲಿ ಕೂತ್ರೆ ಯಾರೋ ಹೆಂಗಸು ಮೇಲಿಂದ ಬೈತಾಳೆ, ನಾನು ಪಾರ್ಕಿಂಗಿಗೇ ಹೋಗ್ತೀನಿ ಅಂದಿದ್ದಾನೆ."

ವಾಪಸು ಬರುವ ದಾರಿಯಲ್ಲಿ ಅತ್ತೆ ನಿಂತು, ಗಂಟಲು ಹಿಡಿದುಕೊಂಡು, ಗಾಳಿಯಲ್ಲೇ ಹೇಳಿದರು. "ಕೆಳಗೆ ನಾನು ನೋಡ್ಕೋತೀನಿ. ಮೇಲೆ ನೀನು ಕೂಗ್ಬೇಕು."

"ನಾನಾ? ನನಗೆ ಕೂಗೋಕೆ ಬರಲ್ಲ ಅತ್ತೆ."

"ಮಗು ಸ್ಟೂಲು ಹತ್ತಿದ್ರೆ ಕೂಗ್ತೀಯಲ್ಲ, ಮೂರು ಮನೆಗೆ ಕೇಳೋ ಹಾಗೆ? ಅದೇ."

ಕೊನೆಯ ಪಂದ್ಯ ಇಂದು ಸಂಜೆ ನಡೆಯುತ್ತಿದೆ. ಇದನ್ನು ವಿರಾಮದ ಹೊತ್ತಿನಲ್ಲಿ, ಫೋನಿನಲ್ಲಿ, ಪುಟ್ಟಿ ಅಪ್ಪನ ತೊಡೆಯ ಮೇಲೆ ಬಿಸ್ಕತ್ತು ತಿನ್ನುವಾಗ ಮುಗಿಸುತ್ತಿದ್ದೇನೆ. ನಾವು ಎರಡು ಅಂಕ ಹಿಂದೆ ಇದ್ದೇವೆ. ಅತ್ತೆ ಸ್ಟೂಲಿನ ಮೇಲೆ, ಕೈ ತೊಡೆಯ ಕೆಳಗೆ. ನಾನು ಕೂಗಿದೆ. ಏನು ಕೂಗಬೇಕೆಂದು ತಿಳಿಯದೆ, ಬುಗುರಿ ಚೆಂಡು ಹಿಡಿದು ಅಷ್ಟು ಜನ ದೈತ್ಯರ ನಡುವೆ ನುಗ್ಗಿದಾಗ ನನ್ನ ಬಾಯಲ್ಲಿ ಬಂದದ್ದು ಒಂದೇ ಮಾತು: "ಜೋಪಾನ!" ಅಕ್ಕಪಕ್ಕದವರು ನಕ್ಕರು. ನಾನು ಬಿಡಲಿಲ್ಲ. "ನಿಧಾನಾ! ಜೋಪಾನಾ! ಕಾಲ ಕೆಳಗೆ ನೋಡ್ಕೊಂಡು ಓಡೋ!" ಈಗ ನಮ್ಮ ಸಾಲಿನವರೆಲ್ಲ ಅದನ್ನೇ ಕೂಗುತ್ತಿದ್ದಾರೆ. ಆಟಗಾರರು ಮತ್ತೆ ಅಂಕಣಕ್ಕೆ ಇಳಿಯುತ್ತಿದ್ದಾರೆ, ನಲ್ಲಿಯ ಮಂಡಿಗೆ ಪಟ್ಟಿ ಸುತ್ತಿದೆ, ಸಡಿಲವಾಗಿ ಸುತ್ತಿದ್ದಾರೆ ಅನ್ನಿಸುತ್ತದೆ, ಯಾರಾದರೂ ಅವನಿಗೆ ಹೇಳಬಾರದೇ?